ತಾವರಗೇರಿ ತಂಗಿಯ ಹಳದಿ ಲಡಿ

ಉಲ್ಲನ್ ಬಂದ ಮನೆಯಲ್ಲಿ ನಗುವಿಗೆ ಬರ ಬರುವುದಿಲ್ಲ. ಮನುಷ್ಯ ತಾನು ಭಾಳ ಶಾಣ್ಯಾ ಆದೆನೆಂದು ತಿಳಿದುಕೊಂಡ ಹೊತ್ತಿಗೇ ಆ ಶಿವ ಎಲ್ಲೋ ಒಂದು ಎಳೆ ಸಿಕ್ಕಿಸಿ, "ಬಿಡಿಸು ನೋಡೂಣು" ಎಂದು ಮೇಲೆ ಕೂತು ನೋಡುತ್ತಾನೆ. ನಾವು ಬಿಡಿಸುತ್ತೇವೆ, ಅವನು ನಗುತ್ತಾನೆ. ಒಂದಿಷ್ಟು ಹೊತ್ತಾದ ಮೇಲೆ ನಮಗೂ ನಗು ಬರುತ್ತದೆ.

ನಾನು ಯಲಬುರ್ಗಾ, ಕುಷ್ಟಗಿ ಕಡೆಯ ಸಾಲಿಗಳಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ, ಹೆಣಿಕೆ ಕಲಿಸಿದವಳು. ನಮ್ಮ ಕಡೆ ಪಾಠ ಹೇಳುವ ಹೆಂಗಸಿಗೆ ಅಕ್ಕೋರು ಅನ್ನುತ್ತಾರೆ. ನಿವೃತ್ತಿಯಾಗಿ ಗಂಗಾವತಿಗೆ ಬಂದ ಮೇಲೆ ಸಾಲಿ ಬಿಟ್ಟಿತು, ಅಕ್ಕೋರು ಬಿಡಲಿಲ್ಲ. ಪೂಜೆ, ಊಟ ಮುಗಿದು ಬಿಸಿಲು ಒಂದಿಷ್ಟು ಇಳಿಯುವ ಹೊತ್ತಿಗೆ ಓಣಿಯ ನಾಲ್ಕು ಹೆಣ್ಣುಮಕ್ಕಳು ಕಡ್ಡಿ ಹಿಡಿದು ನಮ್ಮ ಪಡಸಾಲೆಗೆ ಬರುತ್ತಾರೆ.

"ಈ ಬಿಸಿಲಿನ್ಯಾಗ ಉಲ್ಲನ್ ಯಾರಿಗೆ ಬೇಕ್ರೀ ಅಕ್ಕೋರ?" ಎಂದು ಹಾದು ಹೋಗುವವರು ಕೇಳುವುದುಂಟು. ಹೌದು, ದೊಡ್ಡವರಿಗೆ ಬೇಡ. ಆದರೆ ಹಸುಗೂಸಿನ ತಲೆಗೆ ವೈಶಾಖದಲ್ಲೂ ಥಂಡಿ ಬಡಿಯುತ್ತದೆ, ಕಿವಿ ಮುಚ್ಚುವ ಉಲ್ಲನ್ ಟೊಪ್ಪಿಗೆ, ಅಂದರೆ ಕುಂಚಿಗಿ, ಬೇಕೇ ಬೇಕು ಎಂದು ನಮ್ಮ ಮುದುಕಿಯರು ನಂಬಿದ್ದಾರೆ. ಅವರ ಮುಂದೆ ಸೂರ್ಯನಾರಾಯಣನೂ ವಾದಕ್ಕೆ ನಿಲ್ಲುವುದಿಲ್ಲ.

ಹೆಣಿಕೆ ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮೂರವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಹೆಂಗಸಿನ ಅಂಗಡಿಯಲ್ಲಿ ಉಲ್ಲನ್ ಸಿಗುವುದು ಲಡಿಯಾಗಿ. ದೊಡ್ಡ ಬಳೆಯ ಹಾಗೆ ಸುತ್ತಿ, ಅಲ್ಲಲ್ಲಿ ಸಣ್ಣ ದಾರದಿಂದ ಕಟ್ಟಿ, ಹೊಸೆದು ಇಟ್ಟಿರುತ್ತಾರೆ. ಅದನ್ನು ಬಿಚ್ಚಿ ಒಬ್ಬರು ಎರಡು ಕೈಗೆ ಹಾಕಿಕೊಂಡು ಕೂಡಬೇಕು, ಇನ್ನೊಬ್ಬರು ಎಳೆ ತೆಗೆದು ಉಂಡಿ ಸುತ್ತಬೇಕು. ಉಂಡಿ ಮಾಡಿದ ಮೇಲೆಯೇ ಕಡ್ಡಿ ಹಿಡಿಯಬೇಕು. ಇದಿಷ್ಟು ನೆನಪಿಟ್ಟರೆ ಬದುಕು ಸಲೀಸು. ನೆನಪಿಡದವರ ಕತೆಯೇ ಮುಂದಿನದು.

೧. ಕೈ ಖಾಲಿ ಇಲ್ಲದವರು

ನಮ್ಮ ಮನೆಯಲ್ಲಿ ಕೈಗೆ ಲಡಿ ಹಾಕಿಕೊಂಡು ಕೂಡುವ ಸೇವೆ ನಮ್ಮನೆಯವರದು. ಅವರು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. "ಕಚೇರ್ಯಾಗ ಯಾರ ಮುಂದೂ ಕೈ ಚಾಚಲಿಲ್ಲ ಅಂತ ಛಲೋ ಹೆಸರು ತಗೊಂಡು ಬಂದೆ. ಈಗ ನೋಡ್ರಿ, ದಿನಾ ಮಧ್ಯಾಹ್ನ ಓಣಿ ಹೆಣ್ಣುಮಕ್ಕಳ ಮುಂದ ಚಾಚಿ ಕೂಡ್ತೀನಿ" ಎಂದು ಬಂದವರಿಗೆಲ್ಲ ಹೇಳುತ್ತಾರೆ.

ಒಂದು ದಿನ ಅವರ ಎದುರು ಕೂತು ಉಂಡಿ ಸುತ್ತುತ್ತಿದ್ದವಳು ನಮ್ಮ ತಾವರಗೇರಿ ತಂಗಿ. ಅವಳು ನನ್ನ ಒಡಹುಟ್ಟಿದವಳಲ್ಲ. ತವರು ತಾವರಗೇರಾ, ಮನೆ ನಮ್ಮ ಮನೆಯ ಎದುರಿಗೆ, ಮನಸ್ಸು ಹಾಲಿನಂಥದ್ದು. ಕೈ ಮಾತ್ರ ಹಾಗಲ್ಲ. ಅವಳು ಮುಟ್ಟಿದ ಎಳೆ ನೆಟ್ಟಗೆ ಇದ್ದದ್ದನ್ನು ನಾನು ಕಂಡಿಲ್ಲ. ತರಗತಿಗೆ ಎಲ್ಲರಿಗಿಂತ ಮೊದಲು ಬರುವವಳು ಅವಳು. ಒಂದಾದರೂ ಹೆಣಿಕೆ ಮುಗಿಸದವಳೂ ಅವಳೇ.

ನಾನು ಒಳಗೆ ಒಲೆಯ ಮುಂದೆ ಇದ್ದೆ. ನಮ್ಮನೆಯವರಿಗೆ ಫೋನ್ ಬಂತು. ಅದೇ ಹೊತ್ತಿಗೆ ಬಾಗಿಲಲ್ಲಿ, ವಾರಕ್ಕೊಮ್ಮೆ ಭಿಕ್ಷೆಗೆ ಬರುವ ಜಂಗಮ ಅಯ್ಯನವರು ಜೋಳಿಗೆ ಹಾಕಿಕೊಂಡು ನಿಂತರು.

"ಅಯ್ಯಾರ, ಪುಣ್ಯಾ ಬರ್ತೈತಿ, ಒಂದೀಟ ಕೈ ಕೊಡ್ರಿ. ಯಜಮಾನ್ರು ಫೋನ್ ಮಾತಾಡಿ ಬರ್ತಾರ" ಎಂದಳು ತಂಗಿ.

ಅಯ್ಯನವರು ಸಾಧು ಜೀವಿ. ಇಲ್ಲ ಅನ್ನಲು ಬರುವುದಿಲ್ಲ. ಕೂತು ಎರಡೂ ಕೈ ಮುಂದೆ ಮಾಡಿದರು. ತಂಗಿ ಲಡಿ ಏರಿಸಿದಳು.

ನಾನು ಮೊರದಲ್ಲಿ ಜೋಳ ತಂದು ನೋಡುತ್ತೇನೆ, ಅಯ್ಯನವರು ಪಡಸಾಲೆಯಲ್ಲಿ ಕೆಂಪು ಉಲ್ಲನ್ನಿನ ಬೇಡಿ ಹಾಕಿಸಿಕೊಂಡು ಕೂತಿದ್ದಾರೆ! ತಂಗಿ ಮಾತ್ರ ನಿಧಾನ. ನಾಲ್ಕು ಸುತ್ತು ಸುತ್ತುವುದು, ತಾವರಗೇರಾ ಸಂತೆಯ ಸುದ್ದಿ ಹೇಳುವುದು, ಮತ್ತೆ ನಾಲ್ಕು ಸುತ್ತು. ಅಷ್ಟರಲ್ಲಿ ಪಕ್ಕದ ಮನೆಯವರು ಬಂದು ಅಯ್ಯನವರ ಪಾದ ಮುಟ್ಟಿದರು. ಆಶೀರ್ವಾದಕ್ಕೆ ಕೈ ಎತ್ತಿದರೆ ಎಳೆ ಹೋಗುತ್ತದೆ. ಪಾಪ, ತಲೆ ಅಲ್ಲಾಡಿಸಿಯೇ ಹರಸಿದರು. ಅವರ ಫೋನು ಜೋಳಿಗೆಯೊಳಗೇ ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು.

ಜೋಳಿಗೆಯ ಬಾಯಿ ನಾನೇ ತೆರೆದು ಜೋಳ ಸುರಿದೆ, ತಪ್ಪಾಯಿತೆಂದು ಬೇಡಿಕೊಂಡೆ. ಅಯ್ಯನವರು ನಗುತ್ತಾ ಅಂದರು: "ಇರ್ಲಿ ತಾಯಿ. ಮನಿ ಮನಿಗೆ ಹೋಗೀನಿ, ಹಾಕಿದವರನ್ನೂ ನೋಡೀನಿ, ಮುಂದ ಹೋಗ್ರಿ ಅಂದವರನ್ನೂ ನೋಡೀನಿ. ಕೈ ಕಟ್ಟಿ ಕೂಡ್ರಿಸಿ ಭಿಕ್ಷಾ ಹಾಕಿದವರು ನೀವೊಬ್ಬರ."

೨. ಉಂಡಿಗೆ ತೋಳೈತೇನು?

ಈ ತಂಗಿಗೆ ಒಬ್ಬಳೇ ಮಗಳು. ಕಾರಟಗಿಗೆ ಕೊಟ್ಟಿದ್ದರು. ಮದುವೆಯಾಗಿ ಭಾಳ ವರ್ಷ ಮಡಿಲು ತುಂಬಿರಲಿಲ್ಲ. ತಂಗಿ ಹೇಮಗುಡ್ಡದ ದುರ್ಗವ್ವನ ಬಾಗಿಲಿಗೆ ಎಷ್ಟು ಸಲ ಹೋಗಿ ಬಂದಳೋ ಆ ಅವ್ವನಿಗೇ ಗೊತ್ತು. ಕಡೆಗೆ ಅವ್ವ ಕಣ್ಣು ತೆರೆದಳು.

ಮಗಳ ಕುಬಸದ, ಅಂದರೆ ಸೀಮಂತದ, ದಿನ ಬೀಗರು ಬಂದರು. ಅಳಿಯನ ತಾಯಿ, ಅಂದರೆ ತಂಗಿಯ ಬೀಗತಿ, ಕೆಟ್ಟವರಲ್ಲ, ನಾಲಿಗೆ ಮಾತ್ರ ಹೊಸ ಕತ್ತರಿ. ಗೂಟಕ್ಕೆ ತೂಗುಹಾಕಿದ್ದ ತಂಗಿಯ ಅರ್ಧ ಹೆಣಿಕೆಯನ್ನು ಬೆರಳಲ್ಲಿ ಎತ್ತಿ, "ಬೀಗತೇರ, ಇದೇನ್ರೀ, ಸ್ವೆಟರೋ, ಮೀನಾ ಹಿಡಿಯೂ ಬಲಿಯೋ?" ಎಂದರು.

ಎಲ್ಲರೂ ನಕ್ಕರು. ತಂಗಿಯೂ ನಕ್ಕಳು, ಆದರೆ ಮುಖ ಸಣ್ಣದಾಯಿತು. ಮಗಳು ಸೆರಗು ಸರಿಮಾಡಿಕೊಂಡು, "ಅತ್ತಿ, ತೊಟ್ಟಲಕ್ಕ ಹಾಕೂ ದಿನ ನನ್ನ ಕೂಸಿನ ತಲಿಮ್ಯಾಲೆ ನಮ್ಮವ್ವ ಹೆಣದ ಕುಂಚಿಗಿನ ಇರ್ತೈತಿ" ಅಂದುಬಿಟ್ಟಳು.

"ಆಗ್ಲೇಳವಾ, ಭಾಳ ಸಂತೋಷ" ಎಂದರು ಬೀಗತಿ. "ಆದ್ರ ಅಂಗಡ್ಯಾಗಿಂದು ಒಂದು ನಾನೂ ತಂದಿರ್ತೀನಿ. ಇರ್ಲಿ, ಬೇಕಾಗ್ತೈತಿ."

ಆ 'ಇರ್ಲಿ' ತಂಗಿಯ ಎದೆಯಲ್ಲಿ ಮುಳ್ಳಾಗಿ ಕೂತಿತು. ಮರುದಿನವೇ ನನ್ನನ್ನು ಕರೆದುಕೊಂಡು ಖಾಲಾನ ಅಂಗಡಿಗೆ ಹೋದಳು. ಖಾಲಾ ನಮ್ಮೂರಿನಲ್ಲಿ ಬಳೆ, ಗುಂಡಿ, ಉಲ್ಲನ್ ಮಾರುವವರು. ಅರಿಶಿಣದಂಥ ಹಳದಿ ಲಡಿಯೊಂದನ್ನು ತೆಗೆದು ಮುಂದಿಟ್ಟರು. "ಇದ ಬಣ್ಣದ್ದು ಒಂದ ಉಳದೈತಿ ನೋಡವಾ. ಮತ್ತ ತರಸಿದ್ರ ಹಳದಿನ ಬರ್ತೈತಿ, ಆದ್ರ ಒಮ್ಮಿ ಅರಿಶಿಣ, ಒಮ್ಮಿ ನಿಂಬಿಹಣ್ಣು. ಜ್ವಾಕಿಂದ ಬಳಸು." ದುರ್ಗವ್ವನ ಬಣ್ಣವೆಂದು ತಂಗಿ ಕಣ್ಣಿಗೊತ್ತಿಕೊಂಡಳು.

ಆದರೆ ಹೆಣೆಯುವ ಹಾಗಿಲ್ಲ! ಕೂಸು ಹುಟ್ಟುವ ಮೊದಲು ಅದರ ಹೆಸರಿನಲ್ಲಿ ಹೊಸ ಬಟ್ಟೆ ಮಾಡಬಾರದು, ಅದು ನಮ್ಮಲ್ಲಿ ಅಜ್ಜಿ ಕಾಲದಿಂದ ಬಂದ ಪದ್ಧತಿ. ಹುಟ್ಟಿದ ಮೇಲೆ ತೊಟ್ಟಿಲಿನ ದಿನದವರೆಗೆ ಸಿಗುವ ಸಮಯದಲ್ಲೇ ಎಲ್ಲ ಆಗಬೇಕು.

"ಹೆಣಿಯೂದು ಬ್ಯಾಡ. ಲಡಿ ಬಿಚ್ಚಿ ಉಂಡಿ ಮಾಡಿ ಇಟ್ಕೋ, ಆಮ್ಯಾಲೆ ಲಗೂನ ಆಗ್ತೈತಿ" ಎಂದೆ ನಾನು.

ತಂಗಿಗೆ ಸಂಶಯ. ಉಂಡಿ ಮಾಡಿದರೂ ಬಟ್ಟೆ ಶುರು ಮಾಡಿದಂತೆ ಅಲ್ಲವೇ? ಅಯ್ಯನವರನ್ನು ಕೇಳಿದಳು. ಅವರು ಉಲ್ಲನ್ ಎಂದ ಕೂಡಲೇ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು, "ಶಿವ ಮಾಡಿಸಿದಂಗ ಮಾಡವಾ" ಎಂದು ಮುಂದಿನ ಮನೆಗೆ ನಡೆದರು. ಖಾಲಾನನ್ನು ಕೇಳಿದಳು.

"ನಮ್ಮೊಳಗೂ ಮೊದಲ ಬಟ್ಟಿ ಹೊಲಿಯಂಗಿಲ್ಲ ಬೇಟಿ" ಎಂದರು ಖಾಲಾ. "ಆದ್ರ ಉಂಡಿ? ಉಂಡಿಗೇನು ತೋಳೈತೇನು, ಕೊಳ್ಳೈತೇನು? ಉಂಡಿ ಹಾಕ್ಕೊಂಡು ಯಾವ ಕೂಸು ತಿರುಗ್ಯಾಡತೈತಿ?"

ಇಷ್ಟು ಹೇಳಿದರೂ ತಂಗಿಗೆ ಧೈರ್ಯ ಬರಲಿಲ್ಲ. ಲಡಿಯನ್ನು ಹಾಗೇ ಒಯ್ದು ದೇವರ ಜಗಲಿಯ ಮೇಲಿಟ್ಟಳು. ದಿನಾ ಅದಕ್ಕೂ ಅರಿಶಿಣ, ಕುಂಕುಮ, ವಿಭೂತಿ, ಊದುಬತ್ತಿ. ಒಂದು ದಿನ ಆರತಿಗೆ ಕರೆದಳೆಂದು ಹೋದ ನಮ್ಮನೆಯವರು ತಿರುಗಿ ಬಂದು ಹೇಳಿದರು: "ಅಲ್ಲ, ದಿನಾ ನನ್ನ ಕೈಮ್ಯಾಲೆ ಕುಂತದ್ದಕ್ಕ ಇವತ್ತ ನಾನ ಕೈ ಮುಗದು ಬಂದೆ."

೩. ಟೊಪ್ಪಿಗೆ ಹಾಕಿದ ದೇವರು

ಕೈ ಪಳಗಲಿ ಎಂದು ಹಳೆಯ ಉಲ್ಲನ್ ಕೊಟ್ಟು ಒಂದು ಕುಂಚಿಗಿ ಹೆಣೆಯಲು ಹೇಳಿದೆ. ಅದಕ್ಕೂ ಅವಳ ಮನಸ್ಸು ಒಪ್ಪಬೇಕಲ್ಲ! "ಕೂಸಿನ ಹೆಸರಿಲೆ ಮಾಡಂಗಿಲ್ಲ. ಹಂಗಾರ ಇದನ್ನ ಯಾರ ಹೆಸರಿಲೆ ಹೆಣಿಲ್ರಿ ಅಕ್ಕೋರ?" ಎಂದು ನಾಲ್ಕು ದಿನ ಯೋಚನೆ ಮಾಡಿ, ಕಡೆಗೆ ತಾನೇ ದಾರಿ ಹುಡುಕಿದಳು. ಒಂದು ತೆಂಗಿನಕಾಯಿ ತಂದಳು. ಗಾತ್ರ ಹೆಚ್ಚೂಕಡಿಮೆ ಕೂಸಿನ ತಲೆಯಷ್ಟೇ. ಕಾಯಿಯ ಹೆಸರಿನಲ್ಲಿ ಹೆಣೆದರೆ ಯಾವ ದೋಷ?

ಮೊದಲ ಕುಂಚಿಗಿ ಕಾಯಿಗೂ ಸಣ್ಣದಾಯಿತು. ಎರಡನೆಯದರಲ್ಲಿ ಕಾಯಿ ಮುಳುಗಿಹೋಯಿತು. ಮೂರನೆಯದು, ಆ ದೇವರ ದಯೆ, ಸರಿಯಾಗಿ ಕೂತಿತು. ಕಾಯಿಗೆ ಜುಟ್ಟು ಇದ್ದುದರಿಂದ ಕುಂಚಿಗಿಯ ನೆತ್ತಿಯೂ ಗೋಪುರದ ಹಾಗೆ ಚೂಪಾಗಿತ್ತು, ಅಷ್ಟೇ. ತಂಗಿ ಹಿಗ್ಗಿಹೋದಳು. ಕಾಯಿಗೆ ಕುಂಚಿಗಿ ತೊಡಿಸಿ, ಗದ್ದಕ್ಕೆ ಲಾಡಿ ಕಟ್ಟಿ, ಜಗಲಿಯ ಮೇಲೆ ಹಳದಿ ಲಡಿಯ ಪಕ್ಕ ಕೂಡಿಸಿದಳು.

ಆ ವಾರವೇ ಬೀಗತಿ ಸೊಸೆಯನ್ನು ನೋಡಲು ಬಂದರು. ಕೈಕಾಲು ತೊಳೆದು ದೇವರಿಗೆ ನಮಸ್ಕಾರ ಮಾಡಲು ಹೋದವರು ಜಗಲಿಯ ಮುಂದೆ ನಿಂತೇಬಿಟ್ಟರು.

"ಇದು ಯಾವ ದೇವರ್ರೀ ಬೀಗತೇರ? ನಮ್ಮ ಕಡೆ ಇಲ್ಲಲ್ಲ ಈ ದೇವರು?"

ಮೀನಿನ ಬಲೆ ಎಂದವರ ಮುಂದೆ ಕಾಯಿಯ ಕತೆ ಹೇಳುವುದು ಹೇಗೆ? "ಅದು... ನಮ್ಮ ತಾವರಗೇರಿ ಕಡೀದ್ರಿ" ಅಂದಳು. ಸುಳ್ಳೂ ಅಲ್ಲ. ಕಾಯಿ ಬಂದದ್ದು ತಾವರಗೇರಾ ಸಂತೆಯಿಂದಲೇ.

ಬೀಗತಿ ಸೆರಗು ಹೊದ್ದು ಕೈ ಮುಗಿದರು, ಕಣ್ಣು ಮುಚ್ಚಿದರು. "ತಂದೀ, ನಮ್ಮ ಸೊಸಿ ಸುಸೂತ್ರ ಹಡಿಯಂಗ ಮಾಡಪ್ಪ" ಎಂದರು. ಆ ದನಿಯಲ್ಲಿ ಕತ್ತರಿ ಇರಲಿಲ್ಲ. ಅದನ್ನು ಕೇಳಿ ನನಗೇ ಕಣ್ಣು ತುಂಬಿತು.

ಅವರು ಹೋದ ಮೇಲೆ ನಾನೆಂದೆ, "ತಂಗೀ, ಇನ್ನ ಆ ಕಾಯಿ ಒಡದು ಪಲ್ಯಾಕ್ಕ ಹಾಕು, ಯಾರರ ಮತ್ತ ಕೇಳ್ಯಾರು."

ಅವಳು ಗಾಬರಿಯಾಗಿ ಕೆನ್ನೆ ಬಡಿದುಕೊಂಡಳು. "ಏನಂತೀರಿ ಅಕ್ಕೋರ! ಬೀಗತಿ ಅಷ್ಟು ಮನಸಿಟ್ಟು ಬೇಡಿಕೊಂಡಾರ. ಕೊಡೂ ಮೊದಲ ಒಡದ್ರ ಹೆಂಗ್ರಿ?"

೪. ಹುಟ್ಟಿ ಎರಡು ದಿನದ ದೇವರು

ಕೊಪ್ಪಳದ ದವಾಖಾನೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಬಾಣಂತಿಯೂ ಕೂಸೂ ಸುಖ. ನಾನೂ ತಂಗಿಯೂ ಹೋಗಿ ನೋಡಿ, ಕಣ್ಣು ತುಂಬಿಸಿಕೊಂಡು, ಬಸ್ಸಿನಲ್ಲಿ ಗಂಗಾವತಿಗೆ ಹೊರಟೆವು. ಕಿಟಕಿಯ ಹತ್ತಿರ ಕೂತ ತಂಗಿ ಚೀಲದಿಂದ ಆ ಹಳದಿ ಲಡಿ ತೆಗೆದಳು, ಕಡ್ಡಿ ತೆಗೆದಳು.

"ತಂಗೀ, ಉಂಡಿ ಮಾಡದ ಹೆಣಿಬ್ಯಾಡ. ಮನಿಗೆ ಹೋಗೂಣು, ಯಜಮಾನ್ರ ಕೈ ಅದಾವ."

"ಅಕ್ಕೋರ, ತೊಟ್ಟಲ ದಿನ ಓಡಿ ಬರಾಕತ್ತೈತಿ. ಉಂಡಿ ಮಾಡ್ಕೋತ ಕುಂತ್ರ ಕುಂಚಿಗಿ ಯಾವಾಗ್ರಿ?" ಎಂದು, ಲಡಿ ಹೊಸೆದದ್ದನ್ನು ಬಿಚ್ಚಿ, ಅಲ್ಲಲ್ಲಿ ಕಟ್ಟಿದ ಸಣ್ಣ ದಾರಗಳನ್ನೆಲ್ಲ ಹಲ್ಲಿನಿಂದ ಕಡಿದು ಬಿಸಾಕಿದಳು. ನಾನು ಬೇಡ ಅನ್ನುವುದರೊಳಗೆ ಕೆಲಸ ಮುಗಿದಿತ್ತು. ಆ ಸಣ್ಣ ದಾರಗಳೇ ಲಡಿಯ ಲಗಾಮು. ಅವು ಹೋದರೆ ಅದು ಲಗಾಮಿಲ್ಲದ ಕುದುರೆ.

ರಸ್ತೆಯಲ್ಲಿ ಒಂದು ಉಬ್ಬು ಬಂತು. ಬಸ್ಸು ಹಾರಿತು, ಲಡಿಯೂ ಹಾರಿತು. ಬಿದ್ದದ್ದು ಸೀಟುಗಳ ನಡುವಿನ ದಾರಿಯಲ್ಲಿ. ಅಲ್ಲಿ ಹೇಮಗುಡ್ಡಕ್ಕೆ ಹೋಗಿ ಬಂದ ಭಕ್ತರ ಕಾಯಿಬುಟ್ಟಿ, ಒಬ್ಬ ಅಜ್ಜನ ಬಡಿಗೆ, ಕಾಲೇಜು ಹುಡುಗಿಯರ ಚೀಲ, ಅವುಗಳ ಜಿಪ್ಪು.

ಕೆಟ್ಟವರಿಂದ ಕಾಪಾಡು ಎಂದು ನಾವು ದೇವರನ್ನು ಬೇಡುತ್ತೇವೆ. ಬಸ್ಸಿನಲ್ಲಿ ಲಡಿ ಬಿದ್ದಾಗ ಒಳ್ಳೆಯವರಿಂದಲೂ ಕಾಪಾಡು ಎಂದು ಬೇಡಬೇಕು. ಎಲ್ಲರೂ ಒಳ್ಳೆಯವರು, ಎಲ್ಲರೂ ಒಂದೊಂದು ಎಳೆ ಹಿಡಿದು ಎಳೆದರು.

"ಈ ಕಡೆ ಎಳೀರಿ!"

"ಎಳೀಬ್ಯಾಡ್ರಿ, ನನ್ನ ಬಡಿಗಿ ಬರಾಕತ್ತೈತಿ!"

"ಅಜ್ಜಾ, ನೀವು ಕಾಲು ಎತ್ತ್ರಿ!"

"ಎತ್ತೀನವಾ. ಯಾವ ಕಾಲು ನಂದು ಅಂತ ಮೊದಲ ಹೇಳು."

ಗಂಗಾವತಿ ಬರುವ ಹೊತ್ತಿಗೆ ಐದಾರು ಸೀಟಿನವರು ಒಂದೇ ಮನೆಯವರಾಗಿದ್ದರು. ಕಂಡಕ್ಟರ್ ಬಂದು ನೋಡಿ, ಕಿಸೆಯಿಂದ ಬ್ಲೇಡು ತೆಗೆದ. "ಕತ್ತರಿಸಿ ಬಿಡೂಣ್ರಿ, ಎಷ್ಟೊತ್ತು?"

ತಂಗಿ ಎದ್ದು ನಿಂತು ಕೈ ಅಡ್ಡ ಹಿಡಿದಳು. "ಬ್ಯಾಡ್ರಿ ಅಣ್ಣಾ! ತೊಟ್ಟಲ ಕೂಸಿಂದೈತಿ. ಭಾಳ ವರ್ಷಕ್ಕ ಹುಟ್ಟಿದ್ದ ಕೂಸ್ರಿ, ಇನ್ನ ಎರಡು ದಿನದ್ದು. ಅದರ ಎಳಿಗೆ ಬ್ಲೇಡು ಹಚ್ಚಬ್ಯಾಡ್ರಿ." ಹೇಳುತ್ತ ಅತ್ತೇಬಿಟ್ಟಳು.

ಕಂಡಕ್ಟರ್ ಬ್ಲೇಡು ಕಿಸೆಗೆ ಹಾಕಿದ. "ನಮ್ಮ ಮನಿಯಾಗೂ ಸಣ್ಣ ಕೂಸೈತ್ರಿ" ಎಂದ. ನಮ್ಮ ಓಣಿಯ ಬಾಯಿಗೆ ಬಸ್ಸು ನಿಲ್ಲಿಸಿದರು. ಸಿಕ್ಕಿಕೊಂಡವರೆಲ್ಲ ತಮ್ಮ ತಮ್ಮ ಎಳೆ, ಬುಟ್ಟಿ, ಬಡಿಗೆ ಹಿಡಿದುಕೊಂಡು ಸಾಲಾಗಿ ಇಳಿದರು. ನಡುವೆ ಹಳದಿ ಗುಡ್ಡೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ತಂಗಿ, ಹಿಂದೆ ಕಾಯಿ ಹಿಡಿದ ಭಕ್ತರು, ಅವರ ಹಿಂದೆ ಕಂಡಕ್ಟರ್.

ರಸ್ತೆ ಬದಿಯ ಕಬ್ಬಿನ ಹಾಲಿನ ಅಂಗಡಿಯವನು ಈ ಮೆರವಣಿಗೆ ನೋಡಿ ಚಪ್ಪಲಿ ಬಿಟ್ಟು ಕೈ ಮುಗಿದ. "ಯಾವ ದೇವರ್ರೀ?"

ಕಂಡಕ್ಟರ್ ಗಂಭೀರವಾಗಿ ಹೇಳಿದ: "ಹೊಸಾದೈತಿ. ಹುಟ್ಟಿ ಎರಡು ದಿನ ಆತು."

೫. ಹೇಳಿದರೆ ಫಲ ಹೋಗುತ್ತದೆ

ಓಣಿಯ ಬಾಯಲ್ಲೇ ಅರಳಿಕಟ್ಟೆ. ಕಟ್ಟೆಯ ಮೇಲೆ ನಾಗಪ್ಪನ ಕಲ್ಲುಗಳು. ಬುಟ್ಟಿ, ಬಡಿಗೆಗಳನ್ನು ಬಿಡಿಸಿ ಬಸ್ಸಿನವರನ್ನು ಕಳಿಸಿದೆವು. ಉಳಿದದ್ದು ನಾವಿಬ್ಬರು ಮತ್ತು ಗುಬ್ಬಿಗೂಡಿನಂಥ ಆ ಹಳದಿ ಗುಡ್ಡೆ.

ಸಿಕ್ಕು ಬಿಡಿಸುವುದಕ್ಕೆ ಒಂದೇ ಮಂತ್ರ: ಎಳೆಯಬಾರದು, ಸಡಿಲ ಮಾಡಬೇಕು. ಬಿಟ್ಟು ಬಂದ ಎಳೆಯನ್ನು ಮತ್ತೆ ಗುಡ್ಡೆಯ ಮೇಲೆ ಬೀಳಗೊಡಬಾರದು, ದೂರ ಎಲ್ಲಾದರೂ ಸುತ್ತಬೇಕು. ಸುತ್ತಲು ಎದುರಿಗೆ ಅರಳಿ ಗಿಡವೇ ನಿಂತಿತ್ತು. ದೇವರ ಗಿಡಕ್ಕೆ ಕೈ ಮುಗಿದು, ತುದಿಯನ್ನು ಬೊಡ್ಡೆಯ ಕೆಳಗೆ ಸಿಕ್ಕಿಸಿದೆ. ನಾನು ಗುಡ್ಡೆ ಸಡಿಲಿಸುತ್ತ ಕೂತೆ, ತಂಗಿ ಎಳೆ ಹಿಡಿದು ಗಿಡದ ಸುತ್ತ ನಡೆದಳು. ಬಲಕ್ಕೇ, ಎಷ್ಟಾದರೂ ದೇವರ ಗಿಡ. ಕೆಳಗಿನಿಂದ ಮೇಲಕ್ಕೆ ಒಂದರ ಮೇಲೊಂದು ಸುತ್ತು.

ಅವತ್ತು ಸೋಮವಾರ. ನಾಗಪ್ಪನಿಗೆ ಹಾಲೆರೆಯಲು ಬಂದ ಹೆಣ್ಣುಮಕ್ಕಳು ನೋಡುತ್ತಾರೆ, ಅರಳಿ ಗಿಡಕ್ಕೆ ಹಳದಿ ದಾರ, ಕಣ್ಣಲ್ಲಿ ನೀರು ತುಂಬಿಕೊಂಡ ಹೆಂಗಸು, ಬಾಯಲ್ಲಿ "ಅವ್ವಾ ದುರ್ಗವ್ವಾ, ಬಿಚ್ಚಲೆವ್ವಾ" ಎಂಬ ಪ್ರಾರ್ಥನೆ. ಒಬ್ಬಳು ಮೆಲ್ಲಗೆ ಕೇಳಿದಳು, "ಯಾತರ ಸಲುವಾಗಿರಿ ಇದು?"

ತಂಗಿ ಸುಳ್ಳು ಹೇಳುವವಳಲ್ಲ. "ಕೂಸಿನ ಸಲುವಾಗ್ರಿ" ಅಂದಳು.

ಅಷ್ಟೇ ಸಾಕಾಯಿತು. "ಕೂಸಿನ ಸಲುವಾಗಂತ!" ಎಂಬ ಮಾತು ಕಟ್ಟೆಯ ಸುತ್ತ ಹಬ್ಬಿತು. ತಂಗಿಯ ಹಿಂದೆ ಒಬ್ಬಳು ನಡೆದಳು, ಅವಳ ಹಿಂದೆ ಇನ್ನೊಬ್ಬಳು. ಒಬ್ಬರು ಎಳೆಗೆ ಅರಿಶಿಣ ಹಚ್ಚಿದರು, ಒಬ್ಬರು ಕುಂಕುಮ.

ನಾನು ಗಾಬರಿಯಾಗಿ ಎದ್ದೆ. "ಯವ್ವಾ, ಇದು ಹರಕಿ ಅಲ್ರವಾ. ಉಲ್ಲನ್ ಐತಿ. ಕುಂಚಿಗಿ ಹೆಣಿಯಾಕ."

"ಹೇಳಬ್ಯಾಡ್ರಿ ಅಕ್ಕೋರ!" ಎಂದು ಅವರೇ ನನ್ನ ಬಾಯಿ ಮುಚ್ಚಿಸಿದರು. "ಹರಕಿ ಬಾಯಿಬಿಟ್ಟು ಹೇಳಿದ್ರ ಫಲ ಹೋಗ್ತೈತಿ. ನಮಗ ತಿಳೀತು, ನೀವು ಸುಮ್ಕಿರ್ರಿ."

ಇಲ್ಲ ಅಂದಷ್ಟೂ ಅವರ ನಂಬಿಕೆ ಗಟ್ಟಿಯಾಯಿತು. ಅವರಲ್ಲಿ ಒಬ್ಬಳ ಮುಖ ನೋಡಿದೆ. ತಂಗಿಯ ಮಗಳ ವಯಸ್ಸಿನವಳು, ತುಟಿ ಬಿಗಿಹಿಡಿದು ನಡೆಯುತ್ತಿದ್ದಳು. ನಾನು ಮತ್ತೆ ಕೂತು ಗುಡ್ಡೆ ಸಡಿಲಿಸತೊಡಗಿದೆ. ನಮ್ಮ ಉಲ್ಲನ್ನನ್ನು ಆ ಶಿವ ತನ್ನ ಕೆಲಸಕ್ಕೆ ಬಳಸಿದರೆ ಬೇಡ ಅನ್ನಲು ನಾನ್ಯಾರು?

ಗುಡ್ಡೆ ಮುಗಿಯಿತು. ಎಲ್ಲ ಎಳೆಯೂ ಗಿಡದ ಮೇಲೆ ಚೆಂದಾಗಿ ಕೂತಿತು. ಈಗ ಹೊಸ ಸಂಕಟ. ಮೇಲಿನ ತುದಿ ಹಿಡಿದು ಬಿಚ್ಚಿ ಉಂಡಿ ಮಾಡಬೇಕೆಂದರೆ ಎಡಕ್ಕೆ ಸುತ್ತಬೇಕು. ದೇವರ ಗಿಡವನ್ನು ಎಡಕ್ಕೆ ಸುತ್ತುವುದುಂಟೇ? ಅದೂ ತೊಟ್ಟಿಲ ಕೂಸಿನ ಕೆಲಸಕ್ಕೆ? ನಾನು ಕಟ್ಟೆಯ ಮೇಲೆ ತಲೆಮೇಲೆ ಕೈ ಹೊತ್ತು ಕೂತೆ.

ತಂಗಿ ಗಿಡವನ್ನೇ ನೋಡುತ್ತ ನಿಂತಿದ್ದಳು. "ಅಕ್ಕೋರ, ಕೆಳಗಿನ ತುದಿ ಹಿಡದ್ರ ಹೆಂಗ್ರಿ? ಮೊದಲ ಎಲ್ಲಿಂದ ಶುರು ಮಾಡಿದ್ವೋ ಅಲ್ಲಿಂದ. ಆಗ ಬಲಕ್ಕ ಸುತ್ತಿದಂಗ ಆಗ್ತೈತಲ್ರಿ?"

ಹಿಡಿದು ನೋಡಿದೆವು. ಹೌದು! ಎಳೆ ಬಂದ ದಾರಿಯಲ್ಲೇ ಬಲಕ್ಕೆ ನಡೆದಳು, ಗಿಡ ಒಂದೊಂದೇ ಸುತ್ತು ಬಿಟ್ಟುಕೊಟ್ಟಿತು, ಅವಳ ಕೈಯಲ್ಲಿ ಉಂಡಿ ಬೆಳೆಯಿತು. ಹುಟ್ಟಿದಂದಿನಿಂದ ಸಿಕ್ಕು ಮಾಡಿಕೊಂಡೇ ಬಂದವಳು ಸಿಕ್ಕು ಬಿಡಿಸಿದ್ದನ್ನು ಅವತ್ತು ನನ್ನ ಕಣ್ಣಾರೆ ಕಂಡೆ. ಹೆಣ್ಣುಮಕ್ಕಳೂ ಮತ್ತೊಮ್ಮೆ ಹಿಂದೆ ನಡೆದರು.

ಕಡೆಗೆ ಒಬ್ಬ ಮುದುಕಿ ನನ್ನ ಹತ್ತಿರ ಬಂದು ಕೇಳಿದಳು, "ಮೊಣಕಾಲು ನೋವಿಗೂ ನಡೀತೈತೇನವಾ ಇದು?"

"ಆಯೀ, ಇಷ್ಟು ಸುತ್ತು ಹಾಕಿದ್ರ ನೋವು ಹೆಚ್ಚಾಗ್ತೈತಿ."

ಮುದುಕಿ ಆರಾಮಾಗಿ ಕಟ್ಟೆಯ ಮೇಲೆ ಕೂತಳು. "ಹಂಗಾರ ನನ್ನ ಪಾಲಿಂದು ನೀವ ಸುತ್ತಿಬಿಡ್ರಿ. ನಾ ಕುಂತು ಕೈ ಮುಗೀತೀನಿ."

೬. ತೊಟ್ಟಿಲಿನ ದಿನ

ತಂಗಿ ಹೆಣೆದಳು. ತಪ್ಪಿದಲ್ಲಿ ಬಿಚ್ಚಿದಳು, ಮತ್ತೆ ಹೆಣೆದಳು. ಕೂಸಿನ ತಲೆಯ ಅಳತೆ ತೆಗೆದುಕೋ ಎಂದರೆ, ಮಲಗಿದ ಕೂಸನ್ನು ಎಬ್ಬಿಸಬಾರದೆಂದು ಕಾಯಿಯ ಅಳತೆಯಲ್ಲೇ ಮುಗಿಸಿದಳು. ತೊಟ್ಟಿಲಿನ ದಿನ ಬೆಳಿಗ್ಗೆ ಕಡೆಯ ಗಂಟು ಹಾಕಿದಳು. ಕಾಯಿಯ ಕುಂಚಿಗಿಗಳನ್ನು ಬಿಟ್ಟರೆ ಅವಳ ಜೀವನದಲ್ಲಿ ಮುಗಿದ ಮೊದಲ ಹೆಣಿಕೆ.

ಕಾರಟಗಿಯ ಬೀಗರು ಬಂದರು. ಬೀಗತಿಯ ಚೀಲದಲ್ಲಿ ಅಂಗಡಿಯ ಕುಂಚಿಗಿ ಇದ್ದದ್ದು ನಮಗೆಲ್ಲ ಗೊತ್ತು. ತಂಗಿ ಕೂಸಿನ ತಲೆಗೆ ತನ್ನದನ್ನು ತೊಡಿಸಿ ತಂದಳು. ಅಯ್ಯೋ ದೇವರೇ! ಮುಖಕ್ಕೆ ಸರಿಯಾಗಿತ್ತು, ಕಿವಿ ಮುಚ್ಚಿತ್ತು, ಆದರೆ ನೆತ್ತಿಯ ಮೇಲೆ ಕಾಯಿಯ ಜುಟ್ಟಿನ ಜಾಗ ಗೋಪುರದ ಹಾಗೆ ನಿಂತಿತ್ತು. ಅಲ್ಲಲ್ಲಿ ಕುಂಕುಮದ ಕಲೆ. ಹತ್ತಿರ ಹೋದರೆ ಊದುಬತ್ತಿಯ ವಾಸನೆ.

ಬೀಗತಿ ನೋಡಿದರು. ಬಾಯಿ ತೆರೆದರು. ತಂಗಿ ಕಣ್ಣು ಮುಚ್ಚಿಕೊಂಡಳು. ನಾನು ಮನಸ್ಸಿನಲ್ಲೇ ದುರ್ಗವ್ವನನ್ನು ಕರೆದೆ.

"ಅಯ್ಯ ನಮ್ಮಪ್ಪ!" ಎಂದು ಬೀಗತಿ ಸೆರಗು ಹೊದ್ದು ಕೈ ಮುಗಿದರು. "ಇದು ನಿಮ್ಮ ತಾವರಗೇರಿ ದೇವರ ಕುಂಚಿಗಿ ಅಲ್ಲೇನ್ರೀ! ದೇವರಿಗೆ ಹಾಕೂದನ್ನ ನಮ್ಮ ಮೊಮ್ಮಗಳಿಗೆ ಹಾಕೀರೇನು? ಏನು ಪುಣ್ಯಾ ಮಾಡೈತ್ರೀ ನಮ್ಮ ಕೂಸು!"

ಎಲ್ಲ ಅಲ್ಲಿಗೇ ನಿಂತಿದ್ದರೂ ನಡೆಯುತ್ತಿತ್ತು. ಆದರೆ ತಂಗಿಯ ಮನಸ್ಸು ಹಾಲಿನಂಥದ್ದೆಂದು ಮೊದಲೇ ಹೇಳಿದೆನಲ್ಲ. "ಬೀಗತೇರ, ತೊಟ್ಟಲ ಮುಂದ ನಿಂತು ಮುಚ್ಚಿಡಂಗಿಲ್ಲ. ಅದು ದೇವರಲ್ರಿ. ಕಾಯಿರಿ. ಅಳತೀಗಿ ಇಟ್ಕೊಂಡಿದ್ದೆ" ಎಂದುಬಿಟ್ಟಳು.

ಬೀಗತಿ ಜಗಲಿಯ ಕಡೆ ನೋಡಿದರು, ಕೂಸಿನ ಕಡೆ ನೋಡಿದರು. ಹೊಟ್ಟೆಯೊಳಗಿಂದ ನಗು ಎದ್ದು ಬಂತು ಅವರಿಗೆ, ನಿಲ್ಲಿಸಲು ಆಗದಷ್ಟು. ಕಣ್ಣೊರೆಸಿಕೊಂಡು ಹೇಳಿದರು: "ಕಾಯಿ ಆದ್ರೂ ಬೇಡಿದ್ದು ಕೊಟ್ಟೈತಲ್ರಿ! ಇರ್ಲಿ ಬಿಡ್ರಿ, ಆ ಜುಟ್ಟಿನ ಜಾಗಾನೂ ಇರ್ಲಿ. ಕೂಸು ಬೆಳೀತೈತಿ." ಅಂಗಡಿಯ ಕುಂಚಿಗಿ ಚೀಲದಿಂದ ಹೊರಗೆ ಬಂತು ನಿಜ. ಆದರೆ ಅದನ್ನು ಅವರು ಒಯ್ದು ಕಾಯಿಗೆ ತೊಡಿಸಿದರು.

ಇಷ್ಟಾಗಿ ಸ್ವಲ್ಪ ದಿನಕ್ಕೆ ತರಗತಿಗೆ ಉಲ್ಲನ್ ಬೇಕಾಗಿ, ನಮ್ಮನೆಯವರನ್ನು ಕರೆದುಕೊಂಡು ಖಾಲಾನ ಅಂಗಡಿಗೆ ಹೋದೆ. ದಾರಿಯಲ್ಲಿ ಅರಳಿ ಗಿಡ ನೋಡಿದರೆ ಬೊಡ್ಡೆ ಕಾಣುತ್ತಿಲ್ಲ. ಅರಿಶಿಣ ಹಳದಿ, ನಿಂಬೆ ಹಳದಿ, ಎಲ್ಲ ಹಳದಿಯ ಉಲ್ಲನ್ನೂ ಸುತ್ತಿದೆ! ಅಂಗಡಿಯಲ್ಲಿ ಖಾಲಾ ನಮಾಜಿಗೆಂದು ಒಳಗೆ ಹೋಗಿದ್ದರು. ಅವರ ಹೊಸ ಸೊಸೆ ಕೂತಿದ್ದಳು, ನಮ್ಮ ಗುರುತಿಲ್ಲ.

"ಹಳದಿ ಉಲ್ಲನ್ ಐತೇನವಾ?" ಎಂದು ಕೇಳಿದೆ.

ಅವಳು ನನ್ನ ನರೆತ ಕೂದಲು ನೋಡಿದಳು. ಹಿಂದೆ ಕೋಲೂರಿ ನಿಂತ ನಮ್ಮನೆಯವರನ್ನು ನೋಡಿದಳು. ಮುಖದಲ್ಲಿ ಎಷ್ಟು ಕರುಣೆ ಬಂತೆಂದರೆ, ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದಳು: "ಹಳದಿ ಎಲ್ಲಾ ಹರಕಿಯವರು ಒಯ್ದಾರಮ್ಮಾ. ಮುಂದಿನ ವಾರ ಬರ್ತೈತಿ, ನಿಮಗಂತ ಒಂದು ಎತ್ತಿಡ್ತೀನಿ. ವಯಸ್ಸು ಆತು ಅಂತ ಆಸೆ ಬಿಡಬ್ಯಾಡ್ರಿ. ಮ್ಯಾಲಿನಾಂವ ಭಾಳ ದೊಡ್ಡಾಂವ. ಆಗ್ತೈತಿ."

ಹಿಂದಿನಿಂದ ನಮ್ಮನೆಯವರ ದನಿ ಬಂತು:

"ಬ್ಯಾಡವಾ ತಾಯಿ, ಎತ್ತಿಡಬ್ಯಾಡ. ಹುಟ್ಟಿದ್ರ ಎತ್ಕೊಳ್ಳಾಕ ನನ್ನ ಕೈ ಖಾಲಿ ಎಲ್ಲಿರ್ತಾವ?"